ಮೇ ತಿಂಗಳ ಬಿಸಿಲಿಗೆ ಪಂಚಾಯಿತಿ ಅಕ್ಟೋಬರ್‌ನಲ್ಲೇ ತಯಾರಾಗಬೇಕು: ನಿಮ್ಮೂರಲ್ಲಿ ಏನು ಮಾಡುತ್ತಿದ್ದೀರಿ?

ಮಾಜಿ ಸದಸ್ಯೆ, ಮಸ್ಕಿ (ಸೆಪ್ಟೆಂಬರ್ 2024)

ಎಲ್ಲರಿಗೂ ನಮಸ್ಕಾರ. ನಾನು ಮಸ್ಕಿ ತಾಲ್ಲೂಕಿನವಳು, ಹಿಂದಿನ ಅವಧಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದೆ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಶುರು ಆಗುತ್ತದೆ. ವಾರ್ಡ್ ಸಭೆ, ಗ್ರಾಮ ಸಭೆ ಎಲ್ಲ ಆಮೇಲೆ ಬರುತ್ತವೆ. ಅದಕ್ಕೇ ಈಗಲೇ ಈ ಮಾತು ಎತ್ತುತ್ತಿದ್ದೇನೆ.

ಒಂದು ವರ್ಷದಲ್ಲಿ ನಮ್ಮ ಕಡೆ ಏನೇನಾಯಿತು ನೋಡಿ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ತುಂಗಭದ್ರಾ ಡ್ಯಾಂ ತುಂಬಲಿಲ್ಲ. ಎರಡನೇ ಬೆಳೆಗೆ ನೀರಿಲ್ಲ. ಅದರ ಹಿಂದೆಯೇ ಬಂದ ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 43 ಡಿಗ್ರಿ ದಾಟಿತು. ಮುಂಗಾರು ಚೆನ್ನಾಗಿ ಬಂತು, ಡ್ಯಾಂ ತುಂಬಿತು ಅಂತ ಖುಷಿ ಪಡುವಷ್ಟರಲ್ಲಿ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಕೊಂಡು ಹೋಯಿತು. ನದಿ ದಂಡೆಯ ಊರುಗಳಿಗೆ ಪ್ರವಾಹದ ಭಯ, ನಾಲೆ ನಂಬಿದವರಿಗೆ ನೀರು ಖಾಲಿಯಾಗುವ ಭಯ, ಎರಡೂ ಒಟ್ಟಿಗೆ.

ಹವಾಮಾನ ಬದಲಾವಣೆ ಅಂದರೆ ನಮಗೆ ಇದೇ. ದೂರದ ಹಿಮಗಡ್ಡೆ ಕರಗುವ ಸುದ್ದಿ ಅಲ್ಲ.

ನನ್ನ ತಕರಾರು ಒಂದೇ. ನಮ್ಮ ಪಂಚಾಯಿತಿಗಳು ಏಪ್ರಿಲ್‌ನಲ್ಲಿ ಎಚ್ಚರ ಆಗುತ್ತವೆ. ಆಗ ಟ್ಯಾಂಕರ್‌ಗೆ ಅರ್ಜಿ, ಖಾಸಗಿ ಬೋರ್‌ವೆಲ್ ಬಾಡಿಗೆಗೆ ಅರ್ಜಿ, ತಹಶೀಲ್ದಾರರ ಮುಂದೆ ನಿಲ್ಲುವುದು. ಈ ಸಲ ಅದೂ ಕಷ್ಟವಾಯಿತು. ಮಾರ್ಚ್ ಮಧ್ಯದಿಂದ ಲೋಕಸಭಾ ಚುನಾವಣೆಯ ನೀತಿ ಸಂಹಿತೆ, ಮೇ 7ಕ್ಕೆ ಮತದಾನ, ಅಧಿಕಾರಿಗಳೆಲ್ಲ ಚುನಾವಣಾ ಕೆಲಸದಲ್ಲಿ. ಮೊದಲೇ ಯೋಜನೆಯಲ್ಲಿ ಸೇರಿದ್ದ ಕೆಲಸ ನಡೆಯಿತು, ಹೊಸದಾಗಿ ಕೇಳಿದ್ದು ಫೈಲಿನಲ್ಲೇ ಉಳಿಯಿತು. ಅಕ್ಟೋಬರ್‌ನ ಪಟ್ಟಿಯಲ್ಲಿ ಬಿಸಿಲು, ನೀರು, ಪ್ರವಾಹ ಇಲ್ಲದಿದ್ದರೆ ಮೇ ತಿಂಗಳಲ್ಲಿ ದುಡ್ಡು ಎಲ್ಲಿಂದ ಬರುತ್ತದೆ?

ನಿಮ್ಮ ಊರಿನ ಪಂಚಾಯಿತಿ, ಪುರಸಭೆ ಏನು ಮಾಡಿದೆ, ಏನು ಮಾಡಬೇಕಿತ್ತು, ದಯವಿಟ್ಟು ಬರೆಯಿರಿ. ಬೈಗುಳ ಬೇಡ. ಸಭೆಯಲ್ಲಿ ಎದ್ದು ನಿಂತು ಕೇಳಬಹುದಾದ ಮಾತು ಬೇಕು.

ಕರಿಮಣ್ಣು, ಬಳ್ಳಾರಿ

ಅಕ್ಕಾ, ನಿಮ್ಮ ಕಾಳಜಿಗೆ ಗೌರವ ಇದೆ. ಆದರೆ ನನಗೆ ಎರಡು ಅನುಮಾನ.

ಬರ ನಮ್ಮ ಸೀಮೆಗೆ ಹೊಸದಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಬಳ್ಳಾರಿ ಜಿಲ್ಲೆಯಷ್ಟು ಸೊರಗಿದ ಜಾಗ ಕಡಿಮೆ. ಆಗ ಹವಾಮಾನ ಬದಲಾವಣೆ ಎಂಬ ಮಾತೇ ಇರಲಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಬರ ಬಂದೇ ಬರುತ್ತದೆ.

ಇನ್ನೊಂದು. ಹೊಗೆ ಬಿಡುವುದು ದೊಡ್ಡ ಕಾರ್ಖಾನೆಗಳು, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು. ಅವು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರು ಜಿಲ್ಲೆಗಳಲ್ಲೂ ಇವೆ. ಅದನ್ನು ಬಿಟ್ಟು ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಒಬ್ಬ ಬಿಲ್ ಕಲೆಕ್ಟರ್, ಇಬ್ಬರು ವಾಟರ್‌ಮನ್ ಇರುವ ಪಂಚಾಯಿತಿ ತಲೆ ಮೇಲೆ ಭಾರ ಹೊರಿಸುವುದು ನ್ಯಾಯವಾ?

ನಿವೃತ್ತ ಕಾರ್ಯದರ್ಶಿ, ಗಂಗಾವತಿ

ಕರಿಮಣ್ಣು ಅವರ ಪ್ರಶ್ನೆ ಸರಿಯಾದದ್ದೇ. ಬರ ಹಳೆಯದು. ಬದಲಾಗಿರುವುದು ಮಳೆ ಬೀಳುವ ರೀತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. ಹಾಗಾಗಿ ಮಳೆ ಇಲ್ಲದ ದಿನಗಳೂ ಜಾಸ್ತಿ, ಬಿದ್ದಾಗ ಹೊಲದ ಮೇಲ್ಮಣ್ಣು ಕೊಚ್ಚುವ ಮಳೆಯೂ ಜಾಸ್ತಿ. ಹಳೆ ಬರಕ್ಕೆ ಕಟ್ಟಿದ ವ್ಯವಸ್ಥೆ ಇದಕ್ಕೆ ಸಾಲುವುದಿಲ್ಲ.

ಕಾರ್ಖಾನೆಗಳ ಹೊಗೆ ತಡೆಯುವುದು ಪಂಚಾಯಿತಿ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಬಿಸಿಲಿಗೆ ಬಿದ್ದ ಮನುಷ್ಯನಿಗೆ ನೀರು ಕೊಡುವುದು ಯಾರ ಕೈಯಲ್ಲಿದೆ? ಅದಕ್ಕೆ ಬೆಂಗಳೂರು, ದೆಹಲಿ ಬೇಕಾಗಿಲ್ಲ.

ದುಡ್ಡಿನ ವಿಷಯ ಹೇಳುತ್ತೇನೆ, ಯಾಕೆಂದರೆ ಸಭೆಯಲ್ಲಿ ಮೊದಲು ಬರುವ ಉತ್ತರ "ಅನುದಾನ ಇಲ್ಲ". 15ನೇ ಹಣಕಾಸು ಆಯೋಗದ (2021-26) ಹಣದಲ್ಲಿ ಶೇ 60 ಭಾಗ ಕಟ್ಟುಪಾಡಿನದು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹ, ಬಳಸಿದ ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದು, ಸಂಬಳಕ್ಕೆ ಮಾತ್ರ ಬಳಸುವಂತಿಲ್ಲ. ಅಂದರೆ ನೀವು ಕೇಳುತ್ತಿರುವ ಬಹುಪಾಲು ಕೆಲಸಕ್ಕೆ ಜಾಗ ಈಗಾಗಲೇ ಇದೆ. ಕೆರೆ ಹೂಳು, ಬದು, ಕೃಷಿ ಹೊಂಡ, ರಸ್ತೆ ಬದಿ ಗಿಡ, ಇವೆಲ್ಲ ಉದ್ಯೋಗ ಖಾತರಿಯಲ್ಲಿ ಬರುತ್ತವೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯೂ ನೆನಪಿರಲಿ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು ಅಂತ ಎಲ್ಲರಿಗೂ ಗೊತ್ತು. ಸಿಬ್ಬಂದಿಗೆ ತರಬೇತಿ ಕೊಡಬೇಕು, ಬೇಕಾದ ಸಾಮಗ್ರಿ ಸಿದ್ಧ ಇಟ್ಟುಕೊಳ್ಳಬೇಕು ಅಂತ ಅದೇ ಕಾಯ್ದೆ ಸ್ಥಳೀಯ ಸಂಸ್ಥೆಗೂ ಹೇಳುತ್ತದೆ. ಅದು ಗೊತ್ತಿರುವವರು ಕಡಿಮೆ.

ಆಶಾ ಕಾರ್ಯಕರ್ತೆ, ದೇವದುರ್ಗ

ನೀರಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಬಿಸಿಲಿನ ಬಗ್ಗೆ ಬರೆಯುತ್ತೇನೆ.

ಬಿಸಿಗಾಳಿ ಅಂತ ಹವಾಮಾನ ಇಲಾಖೆ ಘೋಷಿಸಲು ಒಂದು ಲೆಕ್ಕ ಇದೆ. ಬಯಲು ಪ್ರದೇಶದಲ್ಲಿ 40 ಡಿಗ್ರಿ ಮುಟ್ಟಬೇಕು, ಜೊತೆಗೆ ಆ ದಿನದ ಸಾಮಾನ್ಯ ಮಟ್ಟಕ್ಕಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಅಥವಾ ನೇರವಾಗಿ 45 ಮುಟ್ಟಬೇಕು. ರಾಯಚೂರಲ್ಲಿ ಮೇ ತಿಂಗಳ ಸಾಮಾನ್ಯ ಮಟ್ಟವೇ 40ರ ಆಸುಪಾಸು. ಅಂದರೆ 42, 43 ಡಿಗ್ರಿಯಲ್ಲಿ ಜನ ಒದ್ದಾಡುತ್ತಿದ್ದರೂ ಕಾಗದದ ಮೇಲೆ ಅದು ಬಿಸಿಗಾಳಿ ಆಗದೇ ಇರಬಹುದು. ಎಚ್ಚರಿಕೆ ಬಂದ ಮೇಲೆ ನೋಡೋಣ ಅಂತ ಪಂಚಾಯಿತಿ ಕಾಯ್ದರೆ ಎಚ್ಚರಿಕೆ ಬರುವುದೇ ಇಲ್ಲ. ನಮ್ಮ ಪಂಚಾಯಿತಿ ತನ್ನದೇ ಒಂದು ಗೆರೆ ಹಾಕಿಕೊಳ್ಳಬೇಕು. 41 ದಾಟಿದರೆ ಈ ಕೆಲಸ, 43 ದಾಟಿದರೆ ಈ ಕೆಲಸ, ಇದಕ್ಕೆ ಇವರು ಜವಾಬ್ದಾರಿ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೂ ಸಾಕು.

ಅಹಮದಾಬಾದ್ ನಗರ ಪಾಲಿಕೆ ಇದನ್ನು 2013ರಲ್ಲೇ ಮಾಡಿತು. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಬಂದು ತುಂಬ ಜನ ತೀರಿಕೊಂಡ ಮೇಲೆ ಮಾಡಿದ್ದು. ಅವರ ಯೋಜನೆಯಲ್ಲಿ ದೊಡ್ಡ ಯಂತ್ರ ಏನೂ ಇಲ್ಲ. ಮೊದಲೇ ಎಚ್ಚರಿಸುವುದು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರಿನ ಜಾಗಗಳು, ಬಡವರ ಮನೆ ಮಾಳಿಗೆಗೆ ಸುಣ್ಣ. ಸುಣ್ಣ ಹೊಡೆದ ಮಾಳಿಗೆ ಕೆಳಗೆ 2ರಿಂದ 5 ಡಿಗ್ರಿ ಬಿಸಿ ಕಡಿಮೆ ಆಗುತ್ತದೆ.

ನಮ್ಮ ಹಳೆ ಮಣ್ಣಿನ ಮಾಳಿಗೆ ಮನೆಗಳು ಹೋದವು. ಈಗ ಬಡವರಿಗೆ ಸಿಗುವುದು ತಗಡು, ಇಲ್ಲವೇ ತೆಳು ಆರ್‌ಸಿಸಿ. ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ. ರಾತ್ರಿ ಹನ್ನೆರಡಾದರೂ ಗೋಡೆ ಬಿಸಿ ಉಗುಳುತ್ತಲೇ ಇರುತ್ತದೆ. ದೇಹಕ್ಕೆ ರಾತ್ರಿ ಆರಲು ಸಮಯ ಸಿಗದಿದ್ದರೆ ಮರುದಿನದ ಬಿಸಿಲು ಇನ್ನೂ ಜೋರಾಗಿ ಬಡಿಯುತ್ತದೆ. ವಯಸ್ಸಾದವರು, ಬಸುರಿಯರು, ಬಿಪಿ ಮಾತ್ರೆ ತಿನ್ನುವವರು, ಮಕ್ಕಳು ಗುಳೆ ಹೋಗಿ ಒಂಟಿಯಾಗಿ ಉಳಿದ ಮುದುಕರು, ಇವರ ಪಟ್ಟಿ ನಮ್ಮ ಬಳಿ ಇರುತ್ತದೆ. ಆ ಪಟ್ಟಿಯನ್ನು ಪಂಚಾಯಿತಿ ಬೇಸಿಗೆಗೆ ಮೊದಲೇ ಕೇಳಲಿ. ಯಾರ ಮನೆ ತಗಡಿನದು ಅಂತಲೂ ನಮಗೆ ಗೊತ್ತು.

ಎಲ್ಲರೂ ತಿಳಿದಿರಲಿ ಅಂತ ಇದನ್ನೂ ಬರೆಯುತ್ತೇನೆ. ಬಿಸಿಲಲ್ಲಿ ದುಡಿಯುತ್ತಿದ್ದವರು ತಡಬಡಾಯಿಸಿ ಮಾತಾಡಿದರೆ, ಮೈ ಸುಡುತ್ತಿದ್ದರೆ, ಸುಮ್ನೆ ಕೂರಿಸಬೇಡಿ. ನೆರಳಿಗೆ ತಂದು ಮೈ ತುಂಬ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮಾಜಿ ಸದಸ್ಯೆ, ಮಸ್ಕಿ

ಅಕ್ಕಾ, 41, 43 ಅಂತ ಗೆರೆ ಹಾಕುವ ಮಾತು ನನಗೆ ಹೊಸದು. ತುಂಬ ಉಪಯೋಗ ಆಯಿತು. ನಮ್ಮ ವಾರ್ಡ್ ಸಭೆಗೆ ಅದನ್ನೇ ಒಯ್ಯುತ್ತೇನೆ.

ಜೀನ್ಸ್ ಹೊಲಿಗೆ, ಕೌಲ್ ಬಜಾರ್

ಹಳ್ಳಿಗಳ ಬಗ್ಗೆ ಮಾತು ನಡೆದಿದೆ, ಬಳ್ಳಾರಿ ಪೇಟೆ ಬಗ್ಗೆಯೂ ಸ್ವಲ್ಪ ಕೇಳಿ. ನಮ್ಮ ಜೀನ್ಸ್ ಹೊಲಿಗೆ ಕೆಲಸ ಹೆಚ್ಚಾಗಿ ಮನೆಗಳಲ್ಲೇ, ಸಣ್ಣ ಶೆಡ್‌ಗಳಲ್ಲೇ ನಡೆಯುವುದು. ಮೇಲೆ ತಗಡು, ಪಕ್ಕದಲ್ಲಿ ಮಷಿನ್ ಬಿಸಿ, ಇಸ್ತ್ರಿ ಬಿಸಿ. ಕರೆಂಟ್ ಹೋದರೆ ಫ್ಯಾನೂ ಇಲ್ಲ, ಕೂಲಿಯೂ ಇಲ್ಲ, ಯಾಕೆಂದರೆ ಪೀಸ್ ಲೆಕ್ಕದಲ್ಲಿ ದುಡ್ಡು.

ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಒಳ್ಳೆಯದೇ. ಉದ್ಯೋಗ ಖಾತರಿ ಕೂಲಿಯವರಿಗೂ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಇದೆ. ಅಂದರೆ ಈ ಬಿಸಿಲಿನಲ್ಲಿ ಮಧ್ಯಾಹ್ನ ದುಡಿಯಲು ಆಗುವುದಿಲ್ಲ ಅಂತ ಸರ್ಕಾರ ಒಪ್ಪಿದೆ. ಹಾಗಾದರೆ ಹಮಾಲರಿಗೆ, ತಳ್ಳುಗಾಡಿಯವರಿಗೆ, ಗಾರೆ ಕೆಲಸದವರಿಗೆ, ನಮಗೆ ಏನು? ಪಾಲಿಕೆಯೇ ನಡೆಸುವ ಕಾಮಗಾರಿಗಳಲ್ಲಿ ಗುತ್ತಿಗೆದಾರರಿಗೆ 12ರಿಂದ 4 ಗಂಟೆ ಕೆಲಸ ಬೇಡ ಅಂತ ಟೆಂಡರ್ ಷರತ್ತಿನಲ್ಲೇ ಬರೆಯಬಹುದಲ್ವಾ? ಮಾರ್ಕೆಟ್, ಬಸ್ ನಿಲ್ದಾಣ, ಹಮಾಲರು ಸೇರುವ ಜಾಗಗಳಲ್ಲಿ ನೆರಳು ಮತ್ತು ಅರವಟಿಗೆ ಬೇಕು. ಅರವಟಿಗೆಯನ್ನು ಈಗ ಸಂಘ ಸಂಸ್ಥೆಯವರು ಪುಣ್ಯಕ್ಕೆ ಇಡುತ್ತಾರೆ, ಎಷ್ಟೋ ಕಡೆ ಹತ್ತು ದಿನಕ್ಕೆ ಮಡಕೆ ಖಾಲಿ. ಮೇ ಮುಗಿಯುವ ತನಕ ತುಂಬಿಸುವ ಜವಾಬ್ದಾರಿ ಪಾಲಿಕೆಯದ್ದಾಗಲಿ.

ಹೆಂಗಸರ ಮಾತೂ ಒಂದಿದೆ. ಶೌಚಾಲಯ ಇಲ್ಲದ ಕಡೆ ಕೆಲಸ ಮಾಡುವ ಹೆಂಗಸರು ಬೇಕಂತಲೇ ನೀರು ಕಡಿಮೆ ಕುಡಿಯುತ್ತಾರೆ. ಬೇಸಿಗೆಯಲ್ಲಿ ಅದರಿಂದ ಎಷ್ಟು ಜನಕ್ಕೆ ಉರಿಮೂತ್ರ, ಕಲ್ಲಿನ ತೊಂದರೆ. ನೀರು ಇಟ್ಟರೆ ಸಾಲದು, ಪಕ್ಕದಲ್ಲಿ ಶೌಚಾಲಯವೂ ಇರಲಿ.

ಟೇಲ್ ಎಂಡ್ ರೈತ, ಮಾನ್ವಿ

ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದಿಂದ ಬರೆಯುತ್ತಿದ್ದೇನೆ. 220 ಕಿಲೋಮೀಟರ್‌ಗೂ ಉದ್ದದ ನಾಲೆ. ಮುನಿರಾಬಾದ್‌ನಲ್ಲಿ ಬಿಟ್ಟ ನೀರು ನಮ್ಮ ತನಕ ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸು. ಮಳೆ ಒಂದೇ ಸಲ ಜೋರಾಗಿ ಸುರಿದರೆ ಹಿಡಿದಿಡಲು ಜಾಗ ಇಲ್ಲ, ಹರಿದು ಹೋಗುತ್ತದೆ. ಆಮೇಲೆ ಕೊರತೆ.

ಬೆಳೆ ಮಾತು ಆಮೇಲೆ. ಮೊದಲು ಕುಡಿಯುವ ನೀರು. ಸಿಂಧನೂರು, ಮಸ್ಕಿ, ಮಾನ್ವಿ, ಸಿರವಾರ ಕಡೆ ಅಂತರ್ಜಲದಲ್ಲಿ ಎಷ್ಟೋ ಕಡೆ ಉಪ್ಪು, ಫ್ಲೋರೈಡ್. ಬೋರ್ ಕೊರೆದರೂ ಕುಡಿಯಲು ಬರುವುದಿಲ್ಲ. ಹಾಗಾಗಿ ನಮ್ಮ ಊರುಗಳ ಬೇಸಿಗೆಯ ನೀರು ಅಂದರೆ ನಾಲೆಯಿಂದ ತುಂಬಿಸಿಟ್ಟ ಕುಡಿಯುವ ನೀರಿನ ಕೆರೆ, ಅಷ್ಟೇ. ನಾಲೆ ಬಂದ್ ಆಗುವ ಮುಂಚೆ ಅದು ತುಂಬಿರಬೇಕು. ತುಂಬದಿದ್ದರೆ ಜೂನ್, ಜುಲೈವರೆಗೆ ಜನ ಟ್ಯಾಂಕರ್ ದಾರಿ ಕಾಯಬೇಕು.

ಇಷ್ಟು ಮುಖ್ಯವಾದ ಕೆಲಸ ಹೇಗೆ ನಡೆಯುತ್ತದೆ ಗೊತ್ತಾ? ನಾಲೆಗೆ ನೀರು ಎಲ್ಲಿಯವರೆಗೆ ಬಿಡಬೇಕು ಅಂತ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯಲ್ಲಿ ತೀರ್ಮಾನ ಆಗುತ್ತದೆ. ಕೊನೆ ದಿನ ಹತ್ತಿರ ಬಂದಾಗ ಎಲ್ಲರೂ ಒಮ್ಮೆಲೇ ನೀರಿಗೆ ಮುಗಿಬೀಳುತ್ತಾರೆ. ಮೇಲಿನವರು ಪಂಪ್‌ಸೆಟ್ ಹಚ್ಚಿ ನಿಂತ ಬೆಳೆ ಉಳಿಸಿಕೊಳ್ಳಲು ನೋಡುತ್ತಾರೆ. ಅವರದ್ದೂ ಹೊಟ್ಟೆಪಾಡೇ. ಅಷ್ಟರಲ್ಲಿ ನಮ್ಮ ಊರ ಕೆರೆಯ ತೂಬಿನಲ್ಲಿ ಜಾಲಿ ಬೆಳೆದಿರುತ್ತದೆ, ಒಳಗೆ ಹೂಳು ಇರುತ್ತದೆ, ಮೋಟರ್ ಸುಟ್ಟಿರುತ್ತದೆ. ನೀರು ಬಂದ ಮೇಲೆ ರಿಪೇರಿ ಶುರು. ನಾಲೆ ಬಂದ್ ಆಗಿಬಿಡುತ್ತದೆ.

ಆದ್ದರಿಂದ ನಮ್ಮ ಕಡೆ ಪಂಚಾಯಿತಿ ಮಾಡಬೇಕಾದದ್ದು ಇದು. ಕೆರೆ ಖಾಲಿ ಇರುವಾಗಲೇ, ಅಂದರೆ ನಾಲೆಗೆ ಹೊಸ ನೀರು ಬರುವ ಮುಂಚೆ, ಹೂಳು ತೆಗೆಸಬೇಕು, ತಳ ಸೋರುವುದನ್ನು ನೋಡಬೇಕು. ಜನವರಿಯಲ್ಲಿ ಮೋಟರ್, ಪೈಪ್ ಪರೀಕ್ಷೆ ಆಗಬೇಕು. ನಮ್ಮ ಕೆರೆಗೆ ಇಷ್ಟು ಅಡಿ ನೀರು ಬೇಕು, ಈಗ ಇಷ್ಟಿದೆ ಅಂತ ಠರಾವು ಮಾಡಿ ಫೆಬ್ರುವರಿಯಲ್ಲೇ ನೀರಾವರಿ ಇಲಾಖೆಗೆ, ತಹಶೀಲ್ದಾರರಿಗೆ ಕೊಡಬೇಕು. ಕೊನೆ ವಾರದ ನೀರು ಮೊದಲು ಕುಡಿಯುವ ಕೆರೆಗೆ ಅನ್ನುವುದನ್ನು ನಾಲೆಯ ಕೊನೆಯ ಪಂಚಾಯಿತಿಗಳೆಲ್ಲ ಸೇರಿ ಕೇಳಬೇಕು. ಒಂದೊಂದೇ ಪಂಚಾಯಿತಿ ಹೋದರೆ ಯಾರೂ ಕಿವಿಗೊಡುವುದಿಲ್ಲ.

ಇನ್ನು ಬೆಳೆ. ಭತ್ತ ಬಿಡಿ ಅಂತ ಸುಲಭವಾಗಿ ಹೇಳುತ್ತಾರೆ. ನೀರು ನಿಂತು ಜೌಳಾದ ಭೂಮಿಯಲ್ಲಿ ಬೇರೇನು ಬರುತ್ತದೆ? ಆದರೆ ಕೂರಿಗೆ ಭತ್ತ ಮಾಡಬಹುದು. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ತುಂಬ ವರ್ಷದಿಂದ ಹೇಳುತ್ತಿದ್ದಾರೆ. ಸಸಿ ಮಡಿ, ಕೆಸರು ಗದ್ದೆ, ನಾಟಿ ಯಾವುದೂ ಬೇಡ. ಒಣ ಭೂಮಿಗೆ ನೇರವಾಗಿ ಬಿತ್ತನೆ. ನೀರೂ ಉಳಿಯುತ್ತದೆ, ನಾಟಿ ಕೂಲಿಯೂ ಉಳಿಯುತ್ತದೆ. ಕಳೆ ಕಾಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾಲೆಗೆ ನೀರು ತಡವಾಗಿ ಬರುವ ವರ್ಷ ನಮ್ಮ ಕೊನೆ ಭಾಗಕ್ಕೆ ಇದು ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ. ಪಂಚಾಯಿತಿ ಬಿತ್ತನೆ ಮಾಡಿಸಲು ಆಗುವುದಿಲ್ಲ, ಆದರೆ ರೈತ ಸಂಪರ್ಕ ಕೇಂದ್ರದವರನ್ನು ಮೇ ತಿಂಗಳಲ್ಲಿ ಊರಿಗೆ ಕರೆಸಬಹುದು. ಬಿತ್ತನೆ ಯಂತ್ರ ಬಾಡಿಗೆಗೆ ಸಿಗುವಂತೆ ನೋಡಬಹುದು.

ಏಪ್ರಿಲ್‌ನ ಆಲಿಕಲ್ಲು ಮಳೆ ಇನ್ನೊಂದು ಸಂಕಟ. ಕೊಯ್ಲಿಗೆ ಬಂದ ಭತ್ತ ನೆಲ ಕಚ್ಚುತ್ತದೆ, ಕೊಯ್ದದ್ದು ರಸ್ತೆ ಮೇಲೆ ತೊಯ್ಯುತ್ತದೆ. ಒಣಗಿಸಲು ಊರಿಗೊಂದು ಕಾಂಕ್ರೀಟ್ ಕಣ ಕೇಳಿ. ಉದ್ಯೋಗ ಖಾತರಿಯಲ್ಲೇ ಕಣ ಮಾಡಿಸಿದ ಊರುಗಳಿವೆ.

ವಾಟರ್‌ಮನ್ ಮಗ, ಸಿರುಗುಪ್ಪ

ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನೀರು ಕಡಿಮೆ ಇದ್ದಾಗ ಬರೀ ಬಾಯಾರಿಕೆ ಅಲ್ಲ, ರೋಗವೂ ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟರೆ ಉಳಿದ ಹೊತ್ತು ಪೈಪ್ ಖಾಲಿ. ಚರಂಡಿ ಪಕ್ಕ ಪೈಪ್ ಒಡೆದಿದ್ದರೆ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಅದೇ ಬರುತ್ತದೆ. 2022ರ ಬೇಸಿಗೆ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ತೀರಿಕೊಂಡದ್ದು ಯಾರೂ ಮರೆತಿಲ್ಲ.

ನಮ್ಮಪ್ಪ ಊರ ಎಲ್ಲ ವಾಲ್ವ್, ಎಲ್ಲ ಸೋರುವ ಜಾಗ ಬಲ್ಲರು. ಆದರೆ ಯಾವ ಸಭೆಗೂ ಅವರನ್ನು ಕರೆಯುವುದಿಲ್ಲ. ಯೋಜನೆ ಬರೆಯುವ ದಿನ ವಾಟರ್‌ಮನ್‌ಗೂ ಕುರ್ಚಿ ಹಾಕಿ. ಮೊದಲ ಮಳೆಗೆ ಮುಂಚೆ ಟ್ಯಾಂಕ್ ತೊಳೆಸುವುದು, ಕ್ಲೋರಿನ್ ಹಾಕುವುದು, ನೀರು ಪರೀಕ್ಷಿಸುವ ಕಿಟ್ ಬಳಸುವುದು, ಇದಕ್ಕೆ ದಿನ ಗೊತ್ತು ಮಾಡಿ ಬರೆಯಿರಿ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ನಲ್ಲಿ ಕೂರಿಸಿದರೆ ಮುಗಿಯಲಿಲ್ಲ, ನಲ್ಲಿಗೆ ನೀರು ಎಲ್ಲಿಂದ ಅನ್ನುವುದು ಮೊದಲ ಪ್ರಶ್ನೆ.

ಕೃಷ್ಣೆ ದಂಡೆ, ಲಿಂಗಸುಗೂರು

ಇಲ್ಲಿ ನಮ್ಮ ಕಷ್ಟ ಬೇರೆ. ಮಳೆ ಬೀಳುವುದು ಮಹಾರಾಷ್ಟ್ರದಲ್ಲಿ, ನೀರು ಬರುವುದು ನಮ್ಮ ಬಾಗಿಲಿಗೆ. ಊರಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ನಾರಾಯಣಪುರದ ಬಸವಸಾಗರ ಡ್ಯಾಂನಿಂದ ನೀರು ಬಿಟ್ಟರು ಅಂದರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ನಡುಗಡ್ಡೆ ಜನ ದಾರಿ ಇಲ್ಲದೆ ಕೂರುತ್ತಾರೆ. ದೇವದುರ್ಗದ ಕಡೆ ಹೂವಿನಹೆಡಗಿ ಸೇತುವೆಯದ್ದೂ ಇದೇ ಕಥೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯನ್ನು, 2019ರ ಆಗಸ್ಟ್ ನೆರೆಯನ್ನು ನೋಡಿದವರು ನಾವು.

ನಡುಗಡ್ಡೆಯಲ್ಲಿ ಹೆರಿಗೆ ದಿನ ಹತ್ತಿರ ಇರುವ ಹೆಣ್ಣುಮಗಳನ್ನು, ಡಯಾಲಿಸಿಸ್‌ಗೆ ಹೋಗುವವರನ್ನು ಜುಲೈನಲ್ಲೇ ಈಚೆ ದಡಕ್ಕೆ ಕರೆತಂದು ಇರಿಸುವ ವ್ಯವಸ್ಥೆ ಬೇಕು. ಬೋಟ್, ಲೈಫ್ ಜಾಕೆಟ್ ತಾಲ್ಲೂಕು ಕಚೇರಿಯಲ್ಲಿದ್ದರೆ ಏನು ಬಂತು, ದಂಡೆಯಲ್ಲಿ ಇರಬೇಕು. ಎರಡು ತಿಂಗಳ ರೇಷನ್ ಮೊದಲೇ ಕೊಡಬೇಕು. ದನಕರುಗಳಿಗೆ ಎತ್ತರದ ಜಾಗ, ಮೇವು ಗುರುತು ಮಾಡಬೇಕು. ಜನ ಮನೆ ಬಿಟ್ಟು ಬರದೇ ಇರುವುದು ಹಟಕ್ಕಲ್ಲ, ಎಮ್ಮೆ ಬಿಟ್ಟು ಹೇಗೆ ಬರುವುದು ಅಂತ.

2009ರ ನಂತರ ಆಸರೆ ಯೋಜನೆಯಲ್ಲಿ ಊರಿಗೆ ಊರೇ ಎಬ್ಬಿಸಿ ಹೊಸ ಮನೆ ಕಟ್ಟಿದರು. ಎಷ್ಟೋ ಕಡೆ ಜನ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ನೀರಿಲ್ಲ. ಮನೆ ಎಲ್ಲಿ ಕಟ್ಟಬೇಕು ಅಂತ ಅಲ್ಲಿ ಇರುವವರನ್ನು ಕೇಳಿ ಕಟ್ಟಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಮುಂದೆ ಯಾವ ಸ್ಥಳಾಂತರ ಬಂದರೂ ಗ್ರಾಮ ಸಭೆಯ ಒಪ್ಪಿಗೆ ಇಲ್ಲದೆ ಜಾಗ ಗೊತ್ತು ಮಾಡಬಾರದು.

ಕುಷ್ಟಗಿ ಮೇಷ್ಟ್ರು

ನಮ್ಮ ಕಡೆ ನಾಲೆ ಇಲ್ಲ. ಮಸಾರಿ ಭೂಮಿ, ಸಜ್ಜೆ, ತೊಗರಿ, ಮಳೆಯನ್ನೇ ನಂಬಿದ ಬದುಕು. ನೀರಾವರಿ ಭಾಗದ ಗೆಳೆಯರು ಬರೆದದ್ದು ಓದುವಾಗ ನಮಗೆ ಇಷ್ಟಾದರೂ ಇದ್ದಿದ್ದರೆ ಅನಿಸುತ್ತದೆ.

ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಶ್ರೀಗಳು ಮುಂದೆ ನಿಂತು ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ದೂರ ಸ್ವಚ್ಛ ಮಾಡಿಸಿದರು. ಜಾಲಿ, ಆಪು, ಹೂಳು ತುಂಬಿದ್ದ ಹಳ್ಳದಲ್ಲಿ ಮತ್ತೆ ನೀರು ನಿಂತಿತು. ನಮ್ಮ ತಾಲ್ಲೂಕಿನ ನಿಡಶೇಸಿ ಕೆರೆಗೂ ಜನರೇ ದುಡ್ಡು ಹಾಕಿ, ಟ್ರ್ಯಾಕ್ಟರ್ ಕೊಟ್ಟು ಹೂಳು ತೆಗೆದರು. ಜನ ಮುಂದೆ ಬರುವುದಿಲ್ಲ ಅನ್ನುವ ಮಾತನ್ನು ಆ ಎರಡು ಕೆಲಸ ಸುಳ್ಳು ಮಾಡಿದವು. ಆದರೆ ಒಮ್ಮೆ ಸ್ವಚ್ಛ ಮಾಡಿದ ಹಳ್ಳದಲ್ಲಿ ಮತ್ತೆ ಜಾಲಿ ಬರುತ್ತದೆ, ಮತ್ತೆ ಕಸ ಬೀಳುತ್ತದೆ. ವರ್ಷವರ್ಷ ನೋಡಿಕೊಳ್ಳುವುದು ಮಠದ ಕೆಲಸ ಅಲ್ಲ. ಅದು ಪಂಚಾಯಿತಿ, ನಗರಸಭೆ ಕೆಲಸ. ದೊಡ್ಡ ಕೆಲಸಕ್ಕೆ ಜನ ಸೇರುತ್ತಾರೆ, ಸಣ್ಣ ಕೆಲಸವನ್ನು ಬಿಡದೆ ಮಾಡಲು ಸಂಬಳದ ಮನುಷ್ಯನೇ ಬೇಕು.

ಮಳೆ ಲೆಕ್ಕದ ಬಗ್ಗೆ ಒಂದು ಮಾತು. ರಾಜ್ಯದ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪನ ಯಂತ್ರ ಇದೆ. ಅದೇ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಭಾಗದ ಮಳೆ ಮುನ್ಸೂಚನೆ ಹೇಳುತ್ತಾರೆ. ಸಿಡಿಲಿನ ಎಚ್ಚರಿಕೆಗೆ ಸಿಡಿಲು ಅನ್ನುವ ಆ್ಯಪ್ ಇದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಬಂದಾಗ ಕುರಿಗಾಹಿಗಳು ಮರದ ಕೆಳಗೆ ನಿಂತು ಜೀವ ಕಳೆದುಕೊಳ್ಳುತ್ತಾರೆ. ಅವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವುದಿಲ್ಲ. ಪಂಚಾಯಿತಿಯ ಮೈಕಿನಲ್ಲಿ, ಕಸದ ಗಾಡಿಯ ಮೈಕಿನಲ್ಲಿ ಕೂಗಿ ಹೇಳುವ ವ್ಯವಸ್ಥೆ ಮಾಡಿ. ನಮ್ಮ ಶಾಲೆಯಲ್ಲಿ ಮಕ್ಕಳು ಆ ಮಳೆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಬಿತ್ತುವ ಮುಂಚೆ ನೋಡಿಕೊಂಡು ಹೋಗುವ ಹಿರಿಯರೂ ಇದ್ದಾರೆ.

ಹಳೆಯವರು ನೆಲದೊಳಗೆ ಹಗೇವು ಮಾಡಿ ಜೋಳ ತುಂಬಿಡುತ್ತಿದ್ದರು, ಹೊಲದಲ್ಲಿ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಹಾಕುತ್ತಿದ್ದರು. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಅಂತ. ಅದೇ ಬುದ್ಧಿ ಈಗ ಊರಿನ ಲೆಕ್ಕದಲ್ಲಿ ಬೇಕು. ಗುಳೆ ಹೋಗುವವರ ಪಟ್ಟಿ ಪಂಚಾಯಿತಿಯಲ್ಲಿ ಇರಲಿ. ಕೃಷಿ ಹೊಂಡ, ಬದು ಕೆಲಸವನ್ನು ಸುಗ್ಗಿ ಮುಗಿದ ಕೂಡಲೇ ಕೊಟ್ಟರೆ ಅರ್ಧ ಜನ ಊರಲ್ಲೇ ಉಳಿಯುತ್ತಾರೆ. ಜನ ಬಸ್ ಹತ್ತಿದ ಮೇಲೆ ಕೆಲಸ ತೆರೆದರೆ ಏನು ಉಪಯೋಗ?

ಸಂಡೂರು ಹುಡುಗ

ಗಿಡದ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಜೂನ್ 5ಕ್ಕೆ ಎಲ್ಲ ಕಡೆ ಸಸಿ ನೆಡುತ್ತಾರೆ. ಫೆಬ್ರುವರಿಗೆ ಹೋಗಿ ನೋಡಿ, ಕಡ್ಡಿ ಮಾತ್ರ ಇರುತ್ತದೆ. ನಮ್ಮ ಬಿಸಿಲಲ್ಲಿ ಒಂದು ಬೇವಿನ ಗಿಡಕ್ಕೂ ಮೊದಲ ಎರಡು ಮೂರು ಬೇಸಿಗೆ ನೀರು ಹಾಕಬೇಕು, ಮೇಕೆ ಮುಟ್ಟದಂತೆ ಬೇಲಿ ಬೇಕು. ಯೋಜನೆಯಲ್ಲಿ "ಸಾವಿರ ಸಸಿ" ಅಂತ ಬರೆಯುವ ಬದಲು ನೂರು ಗಿಡ, ಮೂರು ವರ್ಷದ ನೀರು, ಕಾಯುವವರ ಕೂಲಿ ಅಂತ ಬರೆಸಿ. ಬೇವು, ಹೊಂಗೆ, ಹುಣಸೆ, ಅರಳಿ ಸಾಕು, ಅಂದದ ಗಿಡ ಬೇಡ. ಬಸ್ ನಿಲ್ದಾಣ, ಶಾಲೆ, ಸಂತೆ ಜಾಗ, ಸ್ಮಶಾನದ ದಾರಿ, ಎಲ್ಲಿ ಜನ ನಿಲ್ಲುತ್ತಾರೋ ಅಲ್ಲಿ ನೆಡಬೇಕು.

ನಮ್ಮ ಗಣಿ ತಾಲ್ಲೂಕಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಇದೆ. ಕುಡಿಯುವ ನೀರು, ಪರಿಸರ, ಆರೋಗ್ಯ ಅದರ ಮೊದಲ ಆದ್ಯತೆ ಅಂತ ನಿಯಮದಲ್ಲೇ ಇದೆ. ಗಣಿ ಬಾಧಿತ ಊರುಗಳ ತಗಡಿನ ಮನೆಗಳಿಗೆ ಸುಣ್ಣ, ಅಂಗನವಾಡಿ ಮಾಳಿಗೆಗೆ ತಂಪಿನ ಬಣ್ಣ ಅದರಲ್ಲಿ ಯಾಕೆ ಆಗಬಾರದು? ಗ್ರಾಮ ಸಭೆಯ ಠರಾವು ಇದ್ದರೆ ಕೇಳಲು ಬಲ ಬರುತ್ತದೆ. ಇಲ್ಲದಿದ್ದರೆ ಆ ದುಡ್ಡು ರಸ್ತೆ, ಕಟ್ಟಡ ಅಂತಲೇ ಹೋಗುತ್ತದೆ.

ಕರಿಮಣ್ಣು, ಬಳ್ಳಾರಿ

ಎಲ್ಲರ ಮಾತು ಓದಿದೆ. ದೊಡ್ಡ ಕಾರ್ಖಾನೆಗಳ ಹೊಣೆ ದೊಡ್ಡದು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಪಂಚಾಯಿತಿ ಠರಾವಿನಲ್ಲಿ ಅದೂ ಒಂದು ಸಾಲು ಇರಲಿ. ಸುತ್ತಲಿನ ಊರುಗಳ ನೆರಳು, ನೀರು, ಆರೋಗ್ಯಕ್ಕೆ ಕಂಪನಿಗಳ ಸಾಮಾಜಿಕ ಹೊಣೆಯ ಹಣ ಬರಲಿ. ಆದರೆ ಕೆರೆ ತುಂಬಿಸುವ ಮಾತು, ಬಿಸಿಲಿನ ಪಟ್ಟಿಯ ಮಾತು ಮುಂದೂಡುವಂಥದ್ದಲ್ಲ ಅಂತ ಒಪ್ಪುತ್ತೇನೆ. ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನುವ ನನ್ನ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ಇಷ್ಟೆಲ್ಲ ಮಾಡುವವರು ಯಾರು?

ನಿವೃತ್ತ ಕಾರ್ಯದರ್ಶಿ, ಗಂಗಾವತಿ

ಸರ್, ಪಂಚಾಯಿತಿ ಕಚೇರಿ ಒಳಗಿರುವವರನ್ನು ಮಾತ್ರ ಎಣಿಸಿದರೆ ನೀವು ಹೇಳಿದ್ದು ಸರಿ. ಆಶಾ, ಅಂಗನವಾಡಿ ಕಾರ್ಯಕರ್ತೆ, ಮಹಿಳಾ ಸಂಘಗಳ ಒಕ್ಕೂಟ, ಗ್ರಂಥಾಲಯ ಮೇಲ್ವಿಚಾರಕರು, ಉದ್ಯೋಗ ಖಾತರಿ ಕೆಲಸ ನೋಡಿಕೊಳ್ಳುವ ಕಾಯಕ ಮಿತ್ರ, ವಾಟರ್‌ಮನ್, ಗ್ರಾಮ ಆಡಳಿತಾಧಿಕಾರಿ, ಇವರನ್ನೆಲ್ಲ ಸೇರಿಸಿ. ಕೈ ಸಾಕಷ್ಟಿವೆ. ಒಬ್ಬೊಬ್ಬರದು ಒಂದೊಂದು ಇಲಾಖೆ, ಅದೇ ತೊಡಕು. ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಪಂಚಾಯಿತಿ ಅಧ್ಯಕ್ಷರಿಗೆ ಇದೆ. ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಇರುವ ಕಡೆ ಕೂಲಿ ಹೆಂಗಸರ ಮಕ್ಕಳು ಬಿಸಿಲಿನಿಂದ ಉಳಿಯುತ್ತಾರೆ. ಗ್ರಂಥಾಲಯಕ್ಕೆ ಫ್ಯಾನ್, ನೀರು, ಸೋಲಾರ್ ಹಾಕಿಸಿದರೆ ಮಧ್ಯಾಹ್ನ ಮುದುಕರು ಬಂದು ಕೂರುವ ತಂಪು ಜಾಗ ಆಗುತ್ತದೆ. ಹೊಸ ಕಟ್ಟಡ ಬೇಕಿಲ್ಲ.

ಸಭೆಗೆ ಹೋಗುವವರಿಗೆ ನನ್ನ ಅನುಭವದ ಮಾತು. ಬಾಯಲ್ಲಿ ಹೇಳಿ ಬರಬೇಡಿ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು ಅಂತ ಕಾನೂನು ಇದೆ. ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಅಲ್ಲೇ ಕೂರಿ, ಸಹಿ ಹಾಕುವ ಮುಂಚೆ ಓದಿಸಿ ಕೇಳಿ. "ಬೇಸಿಗೆ ನಿರ್ವಹಣೆ" ಅಂತ ಮೊಗಮ್ಮಾಗಿ ಬರೆದರೆ ಏನೂ ಆಗುವುದಿಲ್ಲ. ಯಾವ ವಾರ್ಡ್, ಯಾವ ಕೆಲಸ, ಯಾವ ತಿಂಗಳೊಳಗೆ, ಯಾವ ಲೆಕ್ಕದಿಂದ, ಯಾರು ನೋಡಿಕೊಳ್ಳುತ್ತಾರೆ, ಇಷ್ಟು ಇರಬೇಕು. ನಡಾವಳಿಯ ನಕಲು ಕೇಳಿ ಪಡೆಯಿರಿ. ಮಾರ್ಚ್‌ನಲ್ಲಿ ಅದೇ ಕಾಗದ ಹಿಡಿದು ಹೋಗಿ.

ಆಶಾ ಕಾರ್ಯಕರ್ತೆ, ದೇವದುರ್ಗ

ಸರ್, ತಗಡಿನ ಮನೆಗಳಿಗೆ ಸುಣ್ಣ ಹೊಡೆಸುವುದು ಯಾವ ಲೆಕ್ಕದಲ್ಲಿ ಬರೆಸಬೇಕು? ಖಾಸಗಿ ಮನೆ, ಪಂಚಾಯಿತಿ ದುಡ್ಡು ಹಾಕಲು ಬರುವುದಿಲ್ಲ ಅಂದರೆ ಏನು ಹೇಳಲಿ?

ನಿವೃತ್ತ ಕಾರ್ಯದರ್ಶಿ, ಗಂಗಾವತಿ

ಅಮ್ಮಾ, ಆ ಮಾತು ಖಂಡಿತ ಬರುತ್ತದೆ. ಮೊದಲು ಅಂಗನವಾಡಿ, ಶಾಲೆ, ಗ್ರಂಥಾಲಯದ ಮಾಳಿಗೆಯಿಂದ ಶುರು ಮಾಡಿಸಿ. ಅದಕ್ಕೆ ತಕರಾರು ಇರುವುದಿಲ್ಲ. ಮನೆಗಳಿಗೆ ಪಂಚಾಯಿತಿಯ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ, ಅಂಗವಿಕಲರಿಗೆ ಅಂತ ಮೀಸಲಿಟ್ಟ ಪಾಲಿನಲ್ಲಿ ಅವಕಾಶ ಇದೆಯಾ ಅಂತ ಪಿಡಿಒ ಅವರಿಗೆ ಬರವಣಿಗೆಯಲ್ಲೇ ಕೇಳಿ. ಉಳಿದ ಮನೆಗಳಿಗೆ ಸುಣ್ಣವನ್ನು ದಾನಿಗಳಿಂದ ತರಿಸಿ, ಯುವಕ ಸಂಘದವರು ಹೊಡೆಯಲಿ. ಮಾರ್ಚ್ ಮೊದಲ ವಾರದೊಳಗೆ ಮುಗಿಯಬೇಕು.

ಮಾಜಿ ಸದಸ್ಯೆ, ಮಸ್ಕಿ

ನಮ್ಮ ವಾರ್ಡ್ ಸಭೆ ಅಕ್ಟೋಬರ್‌ನಲ್ಲಿ ಇದೆ. ಎರಡು ಅರ್ಜಿ ಬರೆಯುತ್ತಿದ್ದೇನೆ. ಒಂದು, ಕುಡಿಯುವ ನೀರಿನ ಕೆರೆಯ ಮೋಟರ್, ತೂಬು ಜನವರಿಯೊಳಗೆ ಸರಿಯಾಗಬೇಕು. ಇನ್ನೊಂದು, 41 ಡಿಗ್ರಿ ದಾಟಿದ ದಿನ ಯಾರು ಏನು ಮಾಡಬೇಕು ಅನ್ನುವ ಪಟ್ಟಿ. ಮಾನ್ವಿ ಅಣ್ಣ, ನಿಮ್ಮ ಕಡೆಯ ಪಂಚಾಯಿತಿಗಳೂ ಕೆರೆಯ ಠರಾವು ಮಾಡಿದರೆ ನಮ್ಮದನ್ನೂ ಸೇರಿಸಿ ಒಟ್ಟಿಗೆ ಕೊಡೋಣ. ಯಾವ ಪಂಚಾಯಿತಿಯ ಸಭೆ ಯಾವ ದಿನ ಅಂತ ಇಲ್ಲೇ ಕೆಳಗೆ ಬರೆಯುತ್ತಾ ಹೋಗಿ.

ಟೇಲ್ ಎಂಡ್ ರೈತ, ಮಾನ್ವಿ

ಆಯ್ತು ಅಕ್ಕಾ. ನಮ್ಮ ಪಿಡಿಒ ಅವರನ್ನು ನಾಳೆ ಕೇಳಿ ದಿನಾಂಕ ಹಾಕುತ್ತೇನೆ. ಸಿರವಾರ ಕಡೆಯವರು ಯಾರಾದರೂ ಇದ್ದರೆ ಅವರೂ ಬರೆಯಿರಿ. ನಿಮ್ಮ ಊರ ಕೆರೆಯಲ್ಲಿ ಈಗ ಎಷ್ಟು ಅಡಿ ನೀರಿದೆ ಅಂತಲೂ ಹಾಕಿ.